ಹೇಸ್ಟಿಂಗ್ಸ್ ಮರುಪ್ರದರ್ಶನ: ಗುರಾಣಿ ಎಷ್ಟು ದಪ್ಪ ಇರಬೇಕು, ಸಾಯೋದು ಯಾವಾಗ?

ಹೊಸ ಸ್ಯಾಕ್ಸನ್:
ಇಂಗ್ಲೆಂಡಿನ ಸ್ಯಾಕ್ಸನ್ನರು ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರ ವಿರುದ್ಧ ಹೋರಾಡಿದ 1066ರ ಹೇಸ್ಟಿಂಗ್ಸ್ ಕದನವನ್ನು ಮತ್ತೆ ಆಡಿ ತೋರಿಸ್ತೀವಿ. ಅದರಲ್ಲಿ ಸ್ಯಾಕ್ಸನ್ನರು ಗುರಾಣಿಗೆ ಗುರಾಣಿ ತಾಗಿಸಿ ನಿಲ್ಲುವ ಸಾಲಿಗೆ ನನ್ನ ದುಂಡು ಗುರಾಣಿ ತಯಾರಾಗ್ತಿದೆ. ವ್ಯಾಸ 85 ಸೆಂ.ಮೀ., ಪ್ಲೈವುಡ್ 12 ಮಿ.ಮೀ. ಹತ್ತು ನಿಮಿಷ ಹಿಡಿದರೆ ಕೈ ಬಿದ್ದುಹೋಗುತ್ತೆ. ಮುಂಭಾಗಕ್ಕೆ ಲಿನನ್ ಅಂಟಿಸಿದ ಮೇಲೆ ತಟ್ಟೆ ಥರ ಬಾಗಿಬಿಟ್ಟಿದೆ. ಅಂಚಿಗೆ ತಗಡು ಹೊಡೆಯಬಹುದಾ? ಇನ್ನೊಂದು, ಸಾಲಲ್ಲಿ ನಿಂತು ತಳ್ಳಾಡೋದರಲ್ಲಿ ಮಜಾ ಏನಿದೆ?

ಮರಗೆಲಸ:
9 ಮಿ.ಮೀ. ಸಾಕು, ಅದರಲ್ಲೇ ಒಂದು ಕಿಲೋ ಇಳಿಯುತ್ತೆ. ಬಾಗಿದ್ದು ಮರದ ತಪ್ಪಲ್ಲ. ಅಂಟು ಒಣಗುವಾಗ ಬಟ್ಟೆ ಬಿಗಿಯಾಗಿ ಒಂದೇ ಕಡೆಗೆ ಎಳೆದಿದೆ. ಹಿಂದೆಯೂ ಅದೇ ಬಟ್ಟೆ, ಅದೇ ಅಂಟು ಹಾಕಿ, ಸಮತಟ್ಟು ನೆಲದ ಮೇಲೆ ಎರಡು ದಿನ ಭಾರ ಹೇರಿಡಿ. ಪೂರ್ತಿ ನೆಟ್ಟಗಾಗದಿದ್ದರೂ ಸಾಲಲ್ಲಿ ಯಾರೂ ಗಮನಿಸಲ್ಲ.

ತಗಡು ಬೇಡವೇ ಬೇಡ. ಕತ್ತಿ ಬಿದ್ದಲ್ಲೆಲ್ಲ ಅದು ಹರಿದು ಮುಳ್ಳೇಳುತ್ತೆ, ಪಕ್ಕದವರ ಕೈ ಕುಯ್ಯುತ್ತೆ. ಹದ ಮಾಡದ ಚರ್ಮ ಹಾಕಿ. ನಾಯಿಗೆ ಅಗಿಯಲು ಕೊಡುವ ದೊಡ್ಡ ಚರ್ಮದ ಸುರುಳಿಯೂ ನಡೆಯುತ್ತೆ. ರಾತ್ರಿಯಿಡೀ ನೆನೆಸಿ ಬಿಚ್ಚಿ, 5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ ಅಂಚಿನ ಮೇಲೆ ಮಡಚಿ. ಎರಡೂವರೆ ಸೆಂ.ಮೀ.ಗೊಂದು ತೂತು ಕೊರೆದು ಮೇಣದ ದಾರದಲ್ಲಿ ಹೊಲಿಯಿರಿ. ಒದ್ದೆ ಇರುವಾಗಲೇ ಮುಗಿಸಬೇಕು. ನೆರಳಲ್ಲಿ ಒಣಗಲಿ, ಬಿಸಿಲಿಗಿಟ್ಟರೆ ಸರಕ್ಕನೆ ಕುಗ್ಗಿ ಹೊಲಿಗೆ ಕಿತ್ತುಕೊಂಡು ಬರುತ್ತೆ.

ಹಿಡಿ ಹಿಡಿದ ಮುಷ್ಟಿ ಕೂರುವ ನಡುವಿನ ತೂತನ್ನು ಕೈಗವಸು ಹಾಕಿಕೊಂಡೇ ಅಳೆಯಿರಿ. ಬರಿಗೈಗೆ ಸರಿಹೋದ ತೂತಿನಲ್ಲಿ ಗವಸು ತೊಟ್ಟ ಬೆರಳಗಂಟುಗಳು ತರಚುತ್ತವೆ.

ಮೊಂಡು ಕತ್ತಿ:
ಕತ್ತಿಯ ಅಂಚು 2 ಮಿ.ಮೀ.ಗಿಂತ ತೆಳ್ಳಗಿರಬಾರದು, ತುದಿ ದುಂಡಗಿರಬೇಕು. ಪ್ರತಿ ಸುತ್ತು ಮುಗಿದ ಮೇಲೆ ಅಂಚಿನ ಮೇಲೆ ಬಟ್ಟೆ ಎಳೆದು ನೋಡಿ. ದಾರ ಸಿಕ್ಕಿಕೊಂಡಲ್ಲಿ ಅರ ಹಾಕಿ. ತಲೆಗೆ ಹೊಡೆಯಬಹುದೋ ಇಲ್ಲವೋ ಅನ್ನೋದು ಗುಂಪಿಂದ ಗುಂಪಿಗೆ ಬೇರೆ, ಮೊದಲೇ ಕೇಳಿಕೊಳ್ಳಿ.

ಗುಡ್ಡದ ಹೆಣ:
ಮಜಾ ಇರೋದು ಸಾಯೋದರಲ್ಲಿ! ಮೊದಲ ಬಾಣದ ಮಳೆಗೇ ಬಿದ್ದರೆ ಉಳಿದ ಹೊತ್ತೆಲ್ಲ ಹುಲ್ಲು ನೋಡ್ತಾ ಮಲಗಬೇಕು. ನಾರ್ಮನ್ನರು ಸೋತವರಂತೆ ನಟಿಸಿ ಓಡುವ ಘಟ್ಟ ಬರುತ್ತಲ್ಲ, ಆಗ ಸಾಲು ಬಿಟ್ಟು ಇಳಿಜಾರಲ್ಲಿ ಕಿರುಚ್ತಾ ಅಟ್ಟಿಸಿಕೊಂಡು ಹೋಗೋರ ಜೊತೆ ನೀವೂ ನುಗ್ಗಿ. ಅವರು ತಿರುಗಿ ಸುತ್ತುವರಿದಾಗ ಸಾಯಿರಿ. ಇತಿಹಾಸವೂ ಒಪ್ಪುತ್ತೆ, ಪ್ರೇಕ್ಷಕರೂ ಕಿರುಚ್ತಾರೆ.

ಬೆನ್ನ ಮೇಲೆ ದೊಪ್ಪನೆ ಬೀಳಬೇಡಿ, ಶಿರಸ್ತ್ರಾಣದ ಹಿಂದಿನ ಅಂಚು ಕುತ್ತಿಗೆಗೆ ಹೊಡೆಯುತ್ತೆ. ಮೊಣಕಾಲೂರಿ ಪಕ್ಕಕ್ಕೆ ಉರುಳಿ, ಕತ್ತಿ ಮೈಯಡಿಗೆ, ಗುರಾಣಿ ಮೇಲಕ್ಕೆ ಬರಲಿ. ಕುದುರೆ ಇರುವ ಪ್ರದರ್ಶನವಾದರೆ ಅವುಗಳ ದಾರಿ ಯಾವುದೆಂದು ಬೆಳಗಿನ ಅಭ್ಯಾಸದಲ್ಲೇ ನೋಡಿಟ್ಟುಕೊಳ್ಳಿ. ನಿಜವಾಗಿ ಪೆಟ್ಟಾದರೆ ನರಳಬೇಡಿ, ಎಲ್ಲರೂ ನಟನೆ ಅಂದ್ಕೋತಾರೆ! ಗುಂಪು ಗೊತ್ತುಮಾಡಿದ ಪದವನ್ನೇ ಕೂಗಿ.

ಹೊಸ ಸ್ಯಾಕ್ಸನ್:
ಸತ್ತ ಮೇಲೆ ನೀರು ಕುಡಿಯಬಹುದಾ?

ಗುಡ್ಡದ ಹೆಣ:
ಗುರಾಣಿಯ ಮರೆಯಲ್ಲಿ, ಪ್ರೇಕ್ಷಕರಿಗೆ ಬೆನ್ನು ಮಾಡಿ. ಚರ್ಮದ ಬುಡ್ಡಿ ಮಾತ್ರ, ಪ್ಲಾಸ್ಟಿಕ್ ಬಾಟಲಿ ತೆಗೆದರೆ ಎರಡನೇ ಸಲ ಸಾಯಿಸ್ತಾರೆ.