ಪದಚರ್ಚೆ: ಕ್ಯಾಂಪರ್ ಗಾಡಿಯ ಹೊರಮೈ ನೋಡಿಕೊಳ್ಳಲು ಬೇಕಾದ ಕೆಲವು ಮಾತುಗಳು

ಮಾನ್ಯರೆ,

ಚಿಕ್ಕಮಗಳೂರಿನ ಸಮೀಪದ ಕಾಫಿ ತೋಟದ ಹೋಂಸ್ಟೇಯೊಂದಕ್ಕಾಗಿ, ಟ್ರಕ್ ಕ್ಯಾಂಪರಿನ ಹೊರಮೈಯನ್ನು ನೋಡಿಕೊಳ್ಳುವ ಬಗೆಯನ್ನು ತಿಳಿಸುವ ಒಂದು ಸಣ್ಣ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪಿಕಪ್ ಗಾಡಿಯಲ್ಲಿ ಸರಕು ಹೇರುವ ಜಾಗದ ಮೇಲೆ ಕೂರಿಸುವ, ಬೇಡವಾದಾಗ ಜಾಕ್‌ಗಳ ಮೇಲೆ ನಿಲ್ಲಿಸಿ ಗಾಡಿಯನ್ನು ಬಿಡಿಸಿಕೊಳ್ಳಬಹುದಾದ ವಾಸದ ಗೂಡಿಗೆ ಈ ಹೆಸರಿದೆ. ಆ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ, ಕ್ಯಾಂಪರ್ ಎಂದೇ ಇರಲಿ. ಕೈಪಿಡಿಯನ್ನು ಓದುವವರು ಚಾಲಕರು ಮತ್ತು ಗಾಡಿ ತೊಳೆಯುವವರಾದ್ದರಿಂದ, ಯಾವ ಡಬ್ಬಿಯನ್ನು ಕೈಗೆತ್ತಿಕೊಳ್ಳಬೇಕೆಂಬುದು ನಾನು ಬರೆಯುವ ಪದವನ್ನೇ ಅವಲಂಬಿಸಿರುವ ಕಡೆಗಳಲ್ಲಿ ಮಾತ್ರ ತಮ್ಮ ಅಭಿಪ್ರಾಯವನ್ನು ಕೇಳುತ್ತಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ತೊಡಕಾಗಿರುವುದು ಬಿಳಿಪುಡಿಯ ವಿಷಯ. ಫೈಬರ್‌ಗ್ಲಾಸ್ ಗೋಡೆಯ ಹೊರಗಿನ ಹೊಳಪಿನ ಪದರವನ್ನು ಜೆಲ್‌ಕೋಟ್ ಎನ್ನುತ್ತಾರೆ. ಬಣ್ಣ ಬೆರೆಸಿದ ರಾಳದ ಈ ಪದರ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಆ ರಾಳವನ್ನು ಸಡಿಲಿಸುತ್ತಾ ಬಂದಂತೆ ಹೊಳಪು ಅಡಗಿ, ಕಪ್ಪು ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ಬಿಳಿಪುಡಿ ಹತ್ತುತ್ತದೆ. ಇದಕ್ಕೆ ‘ಉತ್ಕರ್ಷಣ’ ಎಂದು ಬರೆದರೆ ಅದು ವಿಜ್ಞಾನದ ಪಠ್ಯಪುಸ್ತಕದ ಆಚೆಗೆ ಯಾರಿಗೂ ತಲುಪುವುದಿಲ್ಲ. ‘ಮಾಸಿದೆ’ ಎಂದರೆ ಕೊಳೆಯಾಗಿದೆ ಎಂದು ತಿಳಿದು ಸೋಪಿನ ನೀರು ತರುತ್ತಾರೆ. ಎಷ್ಟು ತೊಳೆದರೂ ಹೋದ ಹೊಳಪು ಬರುವುದಿಲ್ಲ. ‘ಮಂಕಾಗಿದೆ’ ಎಂಬುದು ಪರವಾಗಿಲ್ಲ, ಆದರೆ ಅದರಲ್ಲಿ ಪುಡಿಯ ಸುಳಿವಿಲ್ಲ. ಸುಣ್ಣ ಬಳಿದ ಗೋಡೆಗೆ ಒರಗಿದವರಿಗೆ ‘ಸುಣ್ಣ ಹತ್ತಿತು’ ಎನ್ನುವ ಮಾತು ಎಲ್ಲ ಮನೆಗಳಲ್ಲೂ ಇದೆ. ಬಟ್ಟೆ ಬಣ್ಣ ಬಿಡುತ್ತದೆ ಎನ್ನುವುದೂ ಇದೆ. ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ‘ಗೋಡೆ ಪುಡಿ ಬಿಡುತ್ತಿದೆ’ ಎಂದು ಬರೆದಿದ್ದೇನೆ. ಪುಡಿ ಬಿಡುವ ಗೋಡೆಯನ್ನು ಮೊದಲು ಕಾಂಪೌಂಡ್ ಎಂಬ, ಮೇಲ್ಮೈಯನ್ನು ನವಿರಾಗಿ ಸವೆಸುವ ಲೇಪದಿಂದ ಉಜ್ಜಿ, ಆಮೇಲೆ ವ್ಯಾಕ್ಸ್ ಸವರಬೇಕು. ಪದರವೇ ತೆಳುವಾದ್ದರಿಂದ ಉಜ್ಜುವುದರಲ್ಲಿ ಉತ್ಸಾಹ ತೋರಿಸಬಾರದು.

ಇಷ್ಟೇ ಆಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಹಲವು ಕ್ಯಾಂಪರುಗಳ ಮಾಡಿನ ಮೇಲೆ ಇ.ಪಿ.ಡಿ.ಎಂ. ಎಂಬ ರಬ್ಬರಿನ ಹಾಳೆಯನ್ನು ಹಾಸಿರುತ್ತಾರೆ. ಅದೂ ವರ್ಷಗಳು ಕಳೆದಂತೆ ಬಿಳಿಪುಡಿ ಬಿಡುತ್ತದೆ, ಮಳೆ ಬಂದಾಗ ಆ ಪುಡಿ ಇಳಿದು ಗೋಡೆಯ ಮೇಲೆ ಗೆರೆಗೆರೆಯಾಗಿ ಒಣಗುತ್ತದೆ. ಕಣ್ಣಿಗೆ ಎರಡೂ ಒಂದೇ, ಕೆಲಸ ಮಾತ್ರ ಬೇರೆ. ರಬ್ಬರಿಗೆ ಕಾಂಪೌಂಡೂ ಬೇಡ, ವ್ಯಾಕ್ಸೂ ಬೇಡ. ಸೌಮ್ಯವಾದ ಸೋಪಿನ ನೀರು ಮತ್ತು ಮೆದುವಾದ ಬ್ರಷ್ ಸಾಕು. ಹಲಸಿನ ಮೇಣವಿರಲಿ, ಟಾರಿರಲಿ, ಅಂಟಿದ್ದನ್ನು ಬಿಡಿಸಲು ಸೀಮೆಎಣ್ಣೆ ಹುಡುಕುವುದು ನಮ್ಮ ಕಡೆಯ ಅಭ್ಯಾಸ, ಆದರೆ ಪೆಟ್ರೋಲಿಯಂ ಮೂಲದ ಯಾವ ಎಣ್ಣೆ ಬಿದ್ದರೂ ಈ ರಬ್ಬರು ಉಬ್ಬಿ ಹಾಳಾಗುತ್ತದೆ. ಹೀಗಿರುವಾಗ ಎರಡಕ್ಕೂ ‘ಪುಡಿ ಬಿಡು’ ಎಂಬ ಒಂದೇ ಕ್ರಿಯಾಪದವನ್ನು ಬಳಸಿದರೆ ಮಾಡಿನ ಮೇಲೂ ಕಾಂಪೌಂಡ್ ಉಜ್ಜಿಯಾರು ಎಂಬ ಅಳುಕಿದೆ. ರಬ್ಬರಿಗೆ ‘ಪೊರೆ ಬಿಡು’ ಎನ್ನಬಹುದೇ ಎಂದು ಯೋಚಿಸಿದೆ. ಹಾವು ಪೊರೆ ಬಿಡುವುದು ಸಹಜವಾದಂತೆ ಇದೂ ಸಹಜವೆಂಬ ಭಾವ ಅದರಲ್ಲಿದೆ. ಆದರೆ ಹಾಳೆಯೇ ಸುಲಿದು ಬರುತ್ತಿದೆ ಎಂದು ಓದಿಕೊಂಡು ಗಾಬರಿಯಾಗುವವರೂ ಇರಬಹುದು. ಇಲ್ಲಿ ನನಗೆ ತೀರ್ಮಾನ ಸಾಧ್ಯವಾಗಿಲ್ಲ.

ಸಂದುಗಳಿಗೆ ತುಂಬುವ ವಸ್ತುವಿನ ಹೆಸರು ಇನ್ನೊಂದು ಸಮಸ್ಯೆ. ಗನ್ನಿನಿಂದ ಒತ್ತಿ ಹಾಕುವ ಯಾವುದೇ ಟ್ಯೂಬನ್ನು ಕೆಲಸಗಾರರು ‘ಸಿಲಿಕಾನ್’ ಎಂದೇ ಕರೆಯುತ್ತಾರೆ, ಹಾಕುವುದನ್ನು ‘ಸಿಲಿಕಾನ್ ಹೊಡೆಯುವುದು’ ಎನ್ನುತ್ತಾರೆ. ಸ್ನಾನದ ಮನೆಯ ಟೈಲ್ಸಿಗೆ ಈ ಅಸ್ಪಷ್ಟತೆ ನಡೆಯಬಹುದು. ಕ್ಯಾಂಪರಿನ ಮಾಡಿನಲ್ಲಿ ಗಾಳಿಕಿಂಡಿ, ಸ್ಕ್ರೂಗಳ ಸಾಲು, ಅಂಚುಪಟ್ಟಿಗಳ ಸುತ್ತ ಹಾಕಬೇಕಾದುದು ಮಾಡಿನ ವಸ್ತುವಿಗೆ ಹೊಂದುವ ಬೇರೆ ಸೀಲಂಟ್. ನಿಜವಾದ ಸಿಲಿಕಾನನ್ನು ಒಮ್ಮೆ ಹಾಕಿಬಿಟ್ಟರೆ ಅದರ ಜಿಡ್ಡಿನ ಮೇಲೆ ಮುಂದೆ ಯಾವ ಸೀಲಂಟೂ ಸರಿಯಾಗಿ ಕಚ್ಚುವುದಿಲ್ಲ. ಆದ್ದರಿಂದ ‘ಸೀಲಂಟ್’ ಎಂಬುದನ್ನೇ ಸಾಮಾನ್ಯ ನಾಮವಾಗಿ ಉಳಿಸಿಕೊಂಡು, ಸಮತಟ್ಟಾದ ಮಾಡಿನ ಮೇಲೆ ತಾನಾಗಿಯೇ ಹರಡಿ ಕೂರುವ ಬಗೆಯನ್ನು ‘ಹರಡುವ ಸೀಲಂಟ್’ ಎಂದೂ, ನೆಟ್ಟಗಿನ ಗೋಡೆಯ ಮೇಲೆ ಕೆಳಕ್ಕೆ ಜಾರದೆ ನಿಲ್ಲುವ ಬಗೆಯನ್ನು ‘ಜಾರದ ಸೀಲಂಟ್’ ಎಂದೂ ಬೇರ್ಪಡಿಸಿದ್ದೇನೆ. ಮೊದಲನೆಯದಕ್ಕೆ ‘ಎರೆ’, ಎರಡನೆಯದಕ್ಕೆ ‘ಮೆತ್ತು’ ಎಂಬ ಕ್ರಿಯಾಪದಗಳು ನನಗೆ ಒಪ್ಪಿಗೆಯಾಗಿವೆ. ‘ಬಳಿ’ ಎಂದರೆ ತೆಳ್ಳಗೆ ಅಗಲವಾಗಿ ಹಚ್ಚುವುದೆಂದು ತಿಳಿದು ಸಂದನ್ನು ತುಂಬದೆ ಬಿಟ್ಟಾರು. ‘ಸಂಧಿಬಂಧಕ ಲೇಪ’ದಂತಹ ಸಮಾಸಗಳನ್ನು ಸೂಚಿಸಬಾರದೆಂದು ವಿನಂತಿ, ಅಂಗಡಿಯಲ್ಲಿ ಹಾಗೆ ಕೇಳಿದರೆ ಟ್ಯೂಬು ಸಿಕ್ಕುವುದಿಲ್ಲ.

‘ಸೋರಿಕೆ’ಯನ್ನು ನಾನು ಬಹುಮಟ್ಟಿಗೆ ಕೈಬಿಟ್ಟಿದ್ದೇನೆ. ಮಲೆನಾಡಿನ ಹೆಂಚಿನ ಮನೆ ಸೋರಿದರೆ ಹನಿ ಬೀಳುವ ಜಾಗಕ್ಕೆ ಪಾತ್ರೆ ಇಡುತ್ತೇವೆ, ಹೆಂಚು ಸರಿಸುತ್ತೇವೆ. ಕ್ಯಾಂಪರಿನಲ್ಲಿ ಎಷ್ಟೋ ವೇಳೆ ಹನಿ ಬೀಳುವುದೇ ಇಲ್ಲ. ಸಂದಿನಿಂದ ಒಳಹೊಕ್ಕ ನೀರು ಚೌಕಟ್ಟಿನ ಗುಂಟ ಹರಿದು, ಬೇರೆಲ್ಲೋ ಪ್ಲೈವುಡ್ಡಿನೊಳಗೆ ನಿಂತು, ಪದರಗಳ ಅಂಟು ಬಿಡಿಸುತ್ತದೆ. ಬಡಗಿಗಳು ಇದಕ್ಕೆ ‘ಹಲಗೆ ನೀರು ಕುಡಿದಿದೆ’ ಎನ್ನುತ್ತಾರೆ, ನಾನೂ ಅದನ್ನೇ ಬರೆದಿದ್ದೇನೆ. ಸೋರುತ್ತಿದೆಯೇ ನೋಡಿ ಎಂದರೆ ಓದುಗರು ತಲೆ ಎತ್ತಿ ಹನಿ ಹುಡುಕುತ್ತಾರೆ. ನೀರು ಕುಡಿದಿದೆಯೇ ನೋಡಿ ಎಂದರೆ ಕಿಟಕಿಯ ಕೆಳಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ, ಗೋಡೆ ಮೆತ್ತಗಾಗಿದೆಯೇ ಎಂದು ಪರೀಕ್ಷಿಸುತ್ತಾರೆ.

ಕಾಲಸೂಚನೆಯ ಬಗ್ಗೆ ಎರಡು ಮಾತು. ಅಮೆರಿಕದ ಕೈಪಿಡಿಗಳು ಚಳಿಗಾಲದ ಹಿಮವನ್ನು ಎದುರಿಟ್ಟುಕೊಂಡು ತಪಾಸಣೆಯ ಸಮಯವನ್ನು ಹೇಳುತ್ತವೆ. ಅದನ್ನು ‘ಋತುವಿಗೊಮ್ಮೆ’ ಎಂದು ಬರೆದರೆ ನಮ್ಮಲ್ಲಿ ವರ್ಷಕ್ಕೆ ಆರು ಸಲವೋ ಮೂರು ಸಲವೋ ಎಂಬ ಪ್ರಶ್ನೆ ಏಳುತ್ತದೆ. ಬದಲಿಗೆ ‘ರೋಹಿಣಿ ಮಳೆಗೆ ಮೊದಲು’ ಎಂದು ಬರೆದಿದ್ದೇನೆ. ಮೇ 25ರ ಹೊತ್ತಿಗೆ ರೋಹಿಣಿ ಹುಟ್ಟುವುದು ತೋಟದಲ್ಲಿ ಎಲ್ಲರಿಗೂ ಗೊತ್ತು, ಆರಿದ್ರಾ, ಪುಷ್ಯ ಮಳೆಗಳ ನಡುವೆ ಮಾಡು ಹತ್ತಿ ಸೀಲಂಟ್ ಹಾಕುವಂತೆಯೂ ಇಲ್ಲ. ಹಾಸನದ ಬಯಲು ಸೀಮೆಯ ಕಡೆಯವರಿಗೆ ಇದು ಅಷ್ಟೇ ಸಹಜವಾಗಿ ಕೇಳಿಸುತ್ತದೆಯೇ?

ಮಡಿಚುವ ಚಪ್ಪರದ ಬಟ್ಟೆಗೆ ಹಿಡಿಯುವುದನ್ನು ‘ಬೂಷ್ಟು’, ಸಿಲ್ವರ್ ಓಕ್ ಮರದ ನೆರಳಿನಲ್ಲಿ ನಿಂತ ಗೋಡೆಗೆ ಕಟ್ಟುವ ಹಸಿರನ್ನು ‘ಪಾಚಿ’ ಎಂದು ಬೇರೆ ಬೇರೆಯಾಗಿಯೇ ಬರೆದಿದ್ದೇನೆ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಾರದು.

ಇನ್ನುಳಿದದ್ದು ಒಂದು ಸದ್ದು. ಅಂಟು ಬಿಟ್ಟ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಗೋಡೆಯ ಸದ್ದು ಬರುವುದಿಲ್ಲ. ಸದ್ಯಕ್ಕೆ ‘ಪೊಳ್ಳು ಸದ್ದು’ ಎಂದು ಬರೆದಿದ್ದೇನೆ. ಆದರೆ ಒಳಗೆ ತೇವವಿದ್ದಾಗ ಅದು ಪೊಳ್ಳಾಗಿರದೆ ಮಂದವಾಗಿರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಬಡಗಿಗಳಲ್ಲಿ ಈ ಎರಡು ಸದ್ದುಗಳಿಗೆ ಬೇರೆ ಬೇರೆ ಮಾತುಗಳಿದ್ದರೆ ದಯವಿಟ್ಟು ತಿಳಿಸಬೇಕು.