ಗಾಯ ಇಲ್ಲದ ಆಟಗಾರನನ್ನು ಬೆಂಚಲ್ಲಿ ಕೂರಿಸೋದು: ಎನ್‌ಬಿಎ ಲೆಕ್ಕ ನಮ್ಮ ಟೂರ್ನಮೆಂಟಿಗೆ ಹೊಂದುತ್ತಾ?

ತುಮಕೂರು_ಫಾಸ್ಟ್‌ಬ್ರೇಕ್:

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡೋರಿಗೆ ಈ ಸಿಟ್ಟು ಹೊಸದಲ್ಲ. ಅಲ್ಲಿ ರಾತ್ರಿ ನಡೆಯೋ ಮ್ಯಾಚು ನಮಗೆ ಬೆಳಗಿನ ಜಾವ. ಅಲಾರಂ ಇಟ್ಟು ಎದ್ದು ಕೂತರೆ ಸ್ಟಾರ್ ಆಟಗಾರ ಇಸ್ತ್ರಿ ಮಾಡಿದ ಕೋಟು ಹಾಕ್ಕೊಂಡು ಬೆಂಚಲ್ಲಿ. ಗಾಯ ಇಲ್ಲ, ಜ್ವರ ಇಲ್ಲ, ‘ಲೋಡ್ ಮ್ಯಾನೇಜ್‌ಮೆಂಟ್’ ಅಂತೆ, ಅಂದ್ರೆ ದೇಹದ ಮೇಲಿನ ಆಟದ ಹೊರೆ ಇಳಿಸೋದು.

ಕೇಳಬೇಕಿರೋದು ಎರಡು. ಒಂದು, ಹೀಗೆ ಕೂರಿಸೋದರಿಂದ ಗಾಯ ನಿಜವಾಗಲೂ ಕಡಿಮೆ ಆಗುತ್ತಾ, ಅಥವಾ 82 ಮ್ಯಾಚಿನ ಸೀಸನ್ನೇ ಮೊಟಕು ಮಾಡಬೇಕಾ? ಎರಡು, ತುಮಕೂರಿನ ಕಾಲೇಜು ತಂಡವೊಂದಕ್ಕೆ ಮುಂದಿನ ತಿಂಗಳು ಮೂರು ದಿನದ ಲೀಗ್ ಕಮ್ ನಾಕೌಟ್ ಇದೆ. ಫೈನಲ್‌ವರೆಗೆ ಹೋದರೆ 5 ಮ್ಯಾಚು, ಹೊರಗಿನ ಸಿಮೆಂಟ್ ಕೋರ್ಟು, ಕೈಯಲ್ಲಿರೋದು 10 ಹುಡುಗರು. ಚೆನ್ನಾಗಿ ಆಡೋ ಇಬ್ಬರನ್ನ ಲೀಗ್ ಮ್ಯಾಚಲ್ಲಿ ಕೂರಿಸಿ ನಾಕೌಟಿಗೆ ಉಳಿಸ್ಕೊಳ್ಳೋದು ಜಾಣತನಾನಾ? ತಿಳಿದವರು ವಿವರವಾಗಿ ಹೇಳಿ.

ಕೋಲಾರ_ಸೈಡ್‌ಲೈನ್:

ಇದನ್ನ ಎಲ್ಲರ ಕಣ್ಣಿಗೆ ಬೀಳೋ ಹಾಗೆ ಮಾಡಿದ್ದು ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡದ ಆಗಿನ ಕೋಚ್ ಗ್ರೆಗ್ ಪೊಪೊವಿಚ್. 2012ರ ನವೆಂಬರಲ್ಲಿ ಮಯಾಮಿ ವಿರುದ್ಧ ಟಿವಿ ಮ್ಯಾಚಿಗೆ ಮುಂಚೆ ತಮ್ಮ ಮುಖ್ಯ ಆಟಗಾರರಾದ ಟಿಮ್ ಡಂಕನ್, ಟೋನಿ ಪಾರ್ಕರ್, ಮನು ಜಿನೋಬಿಲಿ, ಡ್ಯಾನಿ ಗ್ರೀನ್ ನಾಲ್ವರನ್ನೂ ವಿಮಾನ ಹತ್ತಿಸಿ ಊರಿಗೆ ಕಳಿಸಿಬಿಟ್ಟರು. ಆಗಿನ ಕಮಿಷನರ್ ಡೇವಿಡ್ ಸ್ಟರ್ನ್ ತಂಡಕ್ಕೆ 2.5 ಲಕ್ಷ ಡಾಲರ್ ದಂಡ ಹಾಕಿದರು. ತಮಾಷೆ ಅಂದ್ರೆ ಆ ಅರೆಬರೆ ತಂಡ ಸೋತಿದ್ದು ಬರೀ 5 ಪಾಯಿಂಟಲ್ಲಿ, 105-100. ಅದೇ ವರ್ಷ ಮಾರ್ಚಲ್ಲಿ ಇನ್ನೊಂದು ಮ್ಯಾಚಿನ ಸ್ಕೋರ್‌ಶೀಟಲ್ಲಿ ಡಂಕನ್ ಆಡದೇ ಇದ್ದಿದ್ದಕ್ಕೆ ಕೊಟ್ಟ ಕಾರಣ ಒಂದೇ ಪದ: ‘ಮುದುಕ’.

ಆಮೇಲೆ ಕವಾಯ್ ಲೆನರ್ಡ್ 2018-19ರಲ್ಲಿ ಟೊರಾಂಟೊಗೆ 82ರಲ್ಲಿ 60 ಮಾತ್ರ ಆಡಿ, ಜೂನಲ್ಲಿ ಕಪ್ ಗೆದ್ದುಕೊಟ್ಟರು. ಅಲ್ಲಿಂದ ಎಲ್ಲರಿಗೂ ಅದೇ ಮಾದರಿ.

ಲೀಗ್ ಸುಮ್ಮನೆ ಕೂರಲಿಲ್ಲ. 2023-24ರಿಂದ ನಿಯಮ ಬಿಗಿ. ಹಿಂದಿನ ಮೂರು ಸೀಸನ್ನಲ್ಲಿ ಆಲ್-ಸ್ಟಾರ್ (ಸೀಸನ್ ನಡುವಿನ ತಾರೆಯರ ಪ್ರದರ್ಶನ ಮ್ಯಾಚು) ಅಥವಾ ಆಲ್-ಎನ್‌ಬಿಎ (ಸೀಸನ್ನಿನ ಅತ್ಯುತ್ತಮ ಆಟಗಾರರ ಪಟ್ಟಿ) ತಂಡಕ್ಕೆ ಆಯ್ಕೆ ಆದವನೇ ‘ಸ್ಟಾರ್’. ಒಂದೇ ಮ್ಯಾಚಲ್ಲಿ ಇಬ್ಬರು ಸ್ಟಾರ್‌ಗಳನ್ನ ಸುಮ್ಮನೆ ಕೂರಿಸೋ ಹಾಗಿಲ್ಲ. ರಾಷ್ಟ್ರೀಯ ಟಿವಿ ಮ್ಯಾಚು ಮತ್ತು ಸೀಸನ್ ನಡುವಿನ ಕಪ್ ಮ್ಯಾಚಿಗೆ ಅವರು ಲಭ್ಯ ಇರಲೇಬೇಕು. ಕೂರಿಸಿದರೂ ಪ್ರೇಕ್ಷಕರಿಗೆ ಕಾಣೋ ಹಾಗೆ ಬೆಂಚಲ್ಲಿರಬೇಕು. ತಪ್ಪಿದರೆ ಮೊದಲ ಸಲ 1 ಲಕ್ಷ ಡಾಲರ್, ಎರಡನೇ ಸಲ 2.5 ಲಕ್ಷ, ಮೂರನೇ ಸಲ 12.5 ಲಕ್ಷ. ವಯಸ್ಸು 35 ತುಂಬಿದವರಿಗೆ, ಇಲ್ಲವೇ 34,000 ನಿಮಿಷ ಆಡಿ ಸವೆದವರಿಗೆ, ಬ್ಯಾಕ್-ಟು-ಬ್ಯಾಕ್ ಅಂದ್ರೆ ಸತತ ಎರಡು ದಿನದ ಮ್ಯಾಚಲ್ಲಿ ಮೊದಲೇ ಅನುಮತಿ ಪಡೆದು ವಿನಾಯಿತಿ ಉಂಟು.

ಇದರ ಜೊತೆಗೆ ಬಂದಿದ್ದು 65 ಮ್ಯಾಚಿನ ಮಿತಿ. ಎಂವಿಪಿ (ಸೀಸನ್ನಿನ ಅತ್ಯಮೂಲ್ಯ ಆಟಗಾರ), ಆಲ್-ಎನ್‌ಬಿಎ ಥರದ ಗೌರವ ಬೇಕಂದ್ರೆ 65 ಮ್ಯಾಚು, ಒಂದೊಂದರಲ್ಲಿ ಕನಿಷ್ಠ 20 ನಿಮಿಷ (ಎರಡರಲ್ಲಿ ಮಾತ್ರ 15 ಆದರೂ ನಡೆಯುತ್ತೆ). ಇಂಥ ಗೌರವ ಸಿಕ್ಕವರಿಗೆ ಅತಿ ದೊಡ್ಡ ಕಾಂಟ್ರ್ಯಾಕ್ಟಿಗೆ ಅರ್ಹತೆ ಸಿಗೋದರಿಂದ ದಂಡಕ್ಕಿಂತ ಇದೇ ಜಾಸ್ತಿ ಚುರುಕು ಮುಟ್ಟಿಸಿದ್ದು. ದಂಡ ಕಟ್ಟೋದು ಮಾಲೀಕ, ಇಲ್ಲಿ ಹೋಗೋದು ಆಟಗಾರನ ಜೇಬಿನಿಂದ.

ಗಾಯ ಕಡಿಮೆ ಆಗುತ್ತಾ ಅಂದ್ರಿ. 2024ರ ಜನವರಿಯಲ್ಲಿ ಲೀಗ್ ತಂಡಗಳಿಗೆ ಒಂದು ವರದಿ ಕಳಿಸ್ತು: ಮ್ಯಾಚು ಬಿಟ್ಟವರಿಗೆ ಮುಂದೆ ಗಾಯ ಕಡಿಮೆ ಆಯ್ತು ಅನ್ನೋಕೆ ಅಂಕಿಅಂಶದಲ್ಲಿ ಆಧಾರ ಕಾಣಲಿಲ್ಲ. ಅಲ್ಲಿಗೆ ಕಥೆ ಮುಗೀತು.

ಚಿಕ್ಕಬಳ್ಳಾಪುರ_ಜಂಪ್‌ಶಾಟ್:

ಕೋಲಾರದವರೇ, ಅಲ್ಲಿಗೆ ಮುಗಿಯಲ್ಲ. ತಂಡ ಯಾರನ್ನ ಕೂರಿಸುತ್ತೆ? ಮೊಣಕಾಲು ಮೊದಲೇ ಸವೆದವನನ್ನ, ವಯಸ್ಸಾದವನನ್ನ. ಅವನಿಗೆ ಗಾಯದ ಸಾಧ್ಯತೆ ಮೊದಲೇ ಜಾಸ್ತಿ. ಕೂರಿಸಿದವನಿಗೂ ಕೂರಿಸದವನಿಗೂ ಗಾಯ ಒಂದೇ ಸಮ ಅಂತ ಬಂದರೆ, ಕೂರಿಸಿದ್ದರಿಂದಲೇ ಸಮ ಆಗಿರಬಹುದಲ್ಲ? ಮಾತ್ರೆ ತಗೊಳ್ಳೋರಲ್ಲೇ ಬಿಪಿ ಜಾಸ್ತಿ ಅಂತ ಮಾತ್ರೆಯನ್ನ ಬೈದ ಹಾಗಾಯ್ತು. ಆ ವರದಿ ‘ಉಪಯೋಗ ಇಲ್ಲ’ ಅಂತ ಸಾಬೀತು ಮಾಡಿಲ್ಲ, ‘ಉಪಯೋಗ ಕಾಣಲಿಲ್ಲ’ ಅಂದಿದೆ. ಎರಡೂ ಬೇರೆ.

ಸೀಸನ್ ಉದ್ದದ ವಿಷಯಕ್ಕೆ ಬರೋಣ. 82 ಮ್ಯಾಚು 1967-68ರಿಂದ ಇದೆ.  

‘ಚಿಕ್ಕ ಸೀಸನ್ನಲ್ಲೂ ಗಾಯ ಆಯ್ತಲ್ಲ’ ಅನ್ನೋರು ಮರೆಯೋದು ಒಂದಿದೆ. ನಾವು ಕಂಡ ಈ ಮೂರು ಚಿಕ್ಕ ಸೀಸನ್ನುಗಳೂ ಹಿಂಡಿ ತುಂಬಿದವು. 1998-99ರ ಲಾಕೌಟಲ್ಲಿ (ಮಾಲೀಕರು-ಆಟಗಾರರ ದುಡ್ಡಿನ ಜಗಳಕ್ಕೆ ಸೀಸನ್ ತಡವಾದಾಗ) 50 ಮ್ಯಾಚು 90 ದಿನದಲ್ಲಿ, ಅಂದ್ರೆ 1.8 ದಿನಕ್ಕೊಂದು. 2011-12ರಲ್ಲಿ 66 ಮ್ಯಾಚು 124 ದಿನದಲ್ಲಿ, 1.88 ದಿನಕ್ಕೊಂದು, ಸತತ ಮೂರು ದಿನ ಮೂರು ಮ್ಯಾಚೂ ಬಂದವು. ಕೋವಿಡ್ ಆದಮೇಲಿನ 2020-21ರಲ್ಲಿ 72 ಮ್ಯಾಚು 146 ದಿನದಲ್ಲಿ, 2.03. ಮಾಮೂಲಿ 82 ಇದ್ದ 2024-25 ತಗೊಳ್ಳಿ: 174 ದಿನ, 2.12. ಉದ್ದದ ಸೀಸನ್ನೇ ಇವೆಲ್ಲಕ್ಕಿಂತ ಸಡಿಲ! ಹಾಗಾಗಿ ಮ್ಯಾಚು ಕಡಿಮೆ ಮಾಡಿ ದಿನ ಅಷ್ಟೇ ಇಟ್ಟ ಪ್ರಯೋಗ ಎನ್‌ಬಿಎಯಲ್ಲಿ ನಡೆದೇ ಇಲ್ಲ. 72ನ್ನ 174 ದಿನಕ್ಕೆ ಹರಡಿದರೆ 2.42 ದಿನಕ್ಕೊಂದು ಮ್ಯಾಚು. ಈಗ ಒಂದು ತಂಡಕ್ಕೆ ಸುಮಾರು 14-15 ಬರ್ತಿರೋ ಬ್ಯಾಕ್-ಟು-ಬ್ಯಾಕ್‌ನಲ್ಲಿ ಬಹುಪಾಲು ಅಳಿಸಿಹೋಗಬಹುದು.

ಯಾಕೆ ಮಾಡಲ್ಲ? ದುಡ್ಡು. 72 ಆದರೆ ಪ್ರತಿ ತಂಡಕ್ಕೆ ಮನೆಯಂಗಳದ 5 ಮ್ಯಾಚು ಹೋಗುತ್ತೆ, ಲೀಗಿಗೆ ಒಟ್ಟು 1,230ರಲ್ಲಿ 150. 2025-26ರಿಂದ ಶುರುವಾದ 11 ವರ್ಷದ ಟಿವಿ ಒಪ್ಪಂದ 7,600 ಕೋಟಿ ಡಾಲರಿನದು. ಆದಾಯದಲ್ಲಿ ಸುಮಾರು ಅರ್ಧ ಆಟಗಾರರದ್ದೇ, ಆದ್ದರಿಂದ ಸಂಬಳ ಇಳಿಸ್ಕೊಳ್ಳೋಕೆ ಅವರೂ ಮುಂದೆ ಬರಲ್ಲ. ಕೋಚ್ ಸ್ಟೀವ್ ಕರ್ ವರ್ಷಗಳಿಂದ ಮ್ಯಾಚು ಕಡಿಮೆ ಮಾಡಿ ಅಂತಿದಾರೆ, ಕೇಳಿದವರು ಹೊಗಳಿ ಸುಮ್ಮನಾಗ್ತಾರೆ.

ನನಗೆ ಕುತೂಹಲ ಹುಟ್ಟಿಸಿದ್ದು ಕಮಿಷನರ್ ಆಡಮ್ ಸಿಲ್ವರ್ 2025ರಲ್ಲಿ ಎತ್ತಿದ ಮಾತು: 12 ನಿಮಿಷದ ಕ್ವಾರ್ಟರ್ (ಮ್ಯಾಚಿನ ಕಾಲು ಭಾಗ) ಬದಲು 10. ಲೆಕ್ಕ ಹಾಕಿ ನೋಡಿ. ಈಗ 82×48, ಅಂದ್ರೆ 3,936 ನಿಮಿಷ. 72×48 ಮಾಡಿದರೆ 3,456. 82×40 ಮಾಡಿದರೆ 3,280. ಒಂದೂ ಟಿಕೆಟ್ ಕಳ್ಕೊಳ್ಳದೆ, ಹತ್ತು ಮ್ಯಾಚು ಕಡಿದಿದ್ದಕ್ಕಿಂತ ಜಾಸ್ತಿ ನಿಮಿಷ ಉಳಿಯುತ್ತೆ. ಆದರೆ ವಿಮಾನ, ಹೋಟೆಲ್, ನಿದ್ದೆಗೆಡೋದು ಅಷ್ಟೇ ಇರುತ್ತೆ. ದಣಿವಿನಲ್ಲಿ ಅದರ ಪಾಲು ಚಿಕ್ಕದೇನಲ್ಲ.

ಮೊಣಕಾಲು_ಮೇಷ್ಟ್ರು:

ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಹುಡುಗರು ಆಡೋದು ಅದನ್ನೇ ಅಲ್ವಾ?

ಇಡೀ ಮ್ಯಾಚು ಕೂರಿಸೋದು ಬೇಡ. ನಿಮಿಷ ಕತ್ತರಿಸಿ. ಮ್ಯಾಚಿಗೆ 40 ನಿಮಿಷ, ಕೋರ್ಟಲ್ಲಿ 5 ಜನ, ಒಟ್ಟು 200 ನಿಮಿಷ ಹಂಚಬೇಕು. ಮೊದಲ ಐವರಿಗೆ 28, ಬೆಂಚಿನ ಐವರಿಗೆ 12: 140+60, ಸರಿಹೋಯ್ತು. ಕ್ವಾರ್ಟರಿಗೆ 7 ನಿಮಿಷ ಆಟ, 3 ನಿಮಿಷ ವಿಶ್ರಾಂತಿ. ಐವರನ್ನೂ ಒಟ್ಟಿಗೆ ಎತ್ತಬೇಡಿ, ತಂಡ ಕುಸಿಯುತ್ತೆ. ಒಬ್ಬರು ಬಂದಮೇಲೆ ಇನ್ನೊಬ್ಬರು ಹೋಗೋ ಹಾಗೆ, ಚೆಂಡು ಹಿಡಿದು ಆಟ ನಡೆಸೋ ಬಾಲ್ ಹ್ಯಾಂಡ್ಲರ್‌ಗಳಲ್ಲಿ ಒಬ್ಬ ಯಾವಾಗಲೂ ಒಳಗೆ. ಆಟ ನಿಂತಾಗ ಮಾತ್ರ ಬದಲಿ ಸಿಗೋದರಿಂದ ಅರ್ಧ ನಿಮಿಷ ಮುಂಚೆಯೇ ಹುಡುಗನನ್ನ ಟೇಬಲ್ ಹತ್ತಿರ ಕಳಿಸಿ. ಇದನ್ನ ಮರೆತರೆ 7 ನಿಮಿಷ ಅಂದ್ಕೊಂಡಿದ್ದು 9 ಆಗುತ್ತೆ.

ಪೂರ್ತಿ ಕೂರಿಸಬಹುದಾದ ಮ್ಯಾಚು ಒಂದೇ: ನಾಕೌಟ್ ಖಾತ್ರಿಯಾದ ಮೇಲಿನ ಕೊನೇ ಲೀಗ್ ಮ್ಯಾಚು. ಖಾತ್ರಿ ಅನ್ನೋ ಮುಂಚೆ ಪಾಯಿಂಟ್ ಪಟ್ಟಿ ಸರಿಯಾಗಿ ನೋಡಿ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಲೆಕ್ಕದಲ್ಲಿ ಗೆದ್ದರೆ 2, ಸೋತರೂ 1, ಆಡದೆ ಬಿಟ್ಟುಕೊಟ್ಟರೆ 0. ಸಮ ಆದರೆ ಮೊದಲು ಆ ತಂಡಗಳ ನಡುವಿನ ಮ್ಯಾಚು ಯಾರು ಗೆದ್ದರು ಅಂತ, ಆಮೇಲೆ ಪಾಯಿಂಟ್ ಅಂತರ. ಮೂರು ತಂಡ ಸಮ ಆದಾಗ 25 ಪಾಯಿಂಟಿನ ಸೋಲು ಮನೆಗೆ ಕಳಿಸುತ್ತೆ. ಉಳಿಸಿದ ಆಟಗಾರ ಉಳಿದೇ ಹೋಗ್ತಾನೆ.

ಇನ್ನು ಮೂರು-ನಾಲ್ಕು ವಾರ ಇದೆಯಲ್ಲ, ಅಸಲಿ ಕೆಲಸ ಅಲ್ಲಿ. ಪ್ರತಿ ಪ್ರಾಕ್ಟೀಸ್ ಮುಗಿದು ಅರ್ಧ ಗಂಟೆಗೆ ಹುಡುಗನನ್ನ ಕೇಳಿ: 10ಕ್ಕೆ ಎಷ್ಟು ಕಷ್ಟ? ಆ ಅಂಕವನ್ನ ನಿಮಿಷದಿಂದ ಗುಣಿಸಿ. 75 ನಿಮಿಷ, ಕಷ್ಟ 4 ಅಂದ್ರೆ 300. ವಾರ್ಮಪ್ ಸೇರಿ 90 ನಿಮಿಷದ ಮ್ಯಾಚು, ಕಷ್ಟ 8 ಅಂದ್ರೆ 720. ವಾರದ ಮೊತ್ತ ಬರೆದಿಡಿ. ನಾಲ್ಕು ವಾರದ ಸರಾಸರಿ 1,800 ಇದ್ದು ಈ ವಾರ 2,700 ಆಯ್ತು ಅಂದ್ರೆ ಒಂದೂವರೆ ಪಟ್ಟು, ಕೆಂಪು ದೀಪ. ಆ ಅನುಪಾತದ ಬಗ್ಗೆ ತಜ್ಞರಲ್ಲೇ ಜಗಳ ಇದೆ, ಅದನ್ನ ವೇದವಾಕ್ಯ ಮಾಡ್ಕೋಬೇಡಿ. ದಿಢೀರ್ ಏರಿಕೆ ಕಣ್ಣಿಗೆ ಬಿದ್ದರೆ ಸಾಕು. ಈಗ ನಿಮ್ಮ ಟೂರ್ನಮೆಂಟ್ ನೋಡಿ: 5 ಮ್ಯಾಚು × 720, ಮೂರೇ ದಿನದಲ್ಲಿ 3,600! ವಾರಕ್ಕೆ 1,500 ಮಾಡಿ ಬಂದ ದೇಹಕ್ಕೆ ಇದು ಏಟು. ಒಂದು ಲೀಗ್ ಮ್ಯಾಚು ಕೂರಿಸಿ 720 ಉಳಿಸಿದರೂ ಮಾಮೂಲಿ ವಾರದ ಹತ್ತಿರ ಹತ್ತಿರ ಎರಡರಷ್ಟು ಆಗೇ ಆಗುತ್ತೆ. ಆದ್ದರಿಂದ ಮುಂಚಿನ ವಾರಗಳನ್ನ ಮೆಲ್ಲಗೆ ಏರಿಸಿ, ಹತ್ತು ದಿನ ಇರುವಾಗ ಒಂದು ದಿನ ಎರಡು ಪ್ರಾಕ್ಟೀಸ್ ಮ್ಯಾಚು ಇಡಿ. ಕೊನೇ ವಾರ ಹೊತ್ತು ಅರ್ಧಕ್ಕೆ ಇಳಿಸಿ, ವೇಗ ಇಳಿಸಬೇಡಿ. ಕೊನೇ ವಾರವೇ ಬೆವರಿಳಿಸಿ ಓಡಿಸೋ ಕೋಚುಗಳು ನಮ್ಮ ಮೂರೂ ಜಿಲ್ಲೆಯಲ್ಲಿ ಇದಾರೆ, ಹೆಸರು ಬೇಡ.

ಸಿಮೆಂಟ್ ಕೋರ್ಟಿನ ವಿಷಯ. ಮರದ ನೆಲ ಸ್ವಲ್ಪ ಬಾಗಿ ಏಟು ಹೀರುತ್ತೆ, ಸಿಮೆಂಟ್ ಅದನ್ನ ಮೊಣಕಾಲು ಚಿಪ್ಪಿನ ಕೆಳಗಿನ ಸ್ನಾಯುರಜ್ಜುಗೆ ವಾಪಸ್ ಕೊಡುತ್ತೆ. ಪ್ರಾಕ್ಟೀಸಲ್ಲಿ ಓಟಕ್ಕಿಂತ ಮೊದಲು ಜಿಗಿತ ಕಡಿಮೆ ಮಾಡಿ. ಬುಟ್ಟಿಗೆ ಬೀಳದ ಚೆಂಡನ್ನ ಹಾರಿ ಹಿಡಿಯೋ ರೀಬೌಂಡ್ ಡ್ರಿಲ್ಲು ವಾರಕ್ಕೆ ಎರಡು ದಿನ ಸಾಕು. ದಿನಾ ಬೆಳಗ್ಗೆ ಗೋಡೆ ಪಕ್ಕ ನಿಲ್ಲಿಸಿ, ಬೆರಳಿಗೆ ಸೀಮೆಸುಣ್ಣ ಹಚ್ಚಿ ಮೂರು ಸಲ ಹಾರಿಸಿ. ಮಾಮೂಲಿ ಗುರುತಿಗಿಂತ 4-5 ಸೆಂಟಿಮೀಟರ್ ಕೆಳಗೆ ಬಿದ್ದರೆ, ಇಲ್ಲವೇ ಮೆಟ್ಟಿಲು ಇಳಿಯುವಾಗ ಮೊಣಕಾಲು ನೋವು ಅಂದರೆ, ಅವನೇ ಕೂರಬೇಕಾದವನು. ಹೆಸರು ನೋಡಿ ಕೂರಿಸಬೇಡಿ.

ತುಮಕೂರು_ಫಾಸ್ಟ್‌ಬ್ರೇಕ್:

ಮೇಷ್ಟ್ರೇ, ಕಣ್ಣು ತೆರೆಸಿದ್ರಿ. ಒಂದೇ ದಿನ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಬಂದರೆ ನಡುವೆ ಏನು ಮಾಡಿಸೋದು? ನಮ್ಮ ಹುಡುಗರು ಹೊಟ್ಟೆ ತುಂಬ ಮುದ್ದೆ ಹೊಡೆದು ಮರದ ಕೆಳಗೆ ಮಲಗ್ತಾರೆ.

ಮೊಣಕಾಲು_ಮೇಷ್ಟ್ರು:

ಮುದ್ದೆ ರಾತ್ರಿಗೆ ಇರಲಿ, ಮೂರು ಗಂಟೆಗಿಂತ ಕಡಿಮೆ ಬಿಡುವಿದ್ದರೆ ಅದು ಹೊಟ್ಟೆಯಲ್ಲೇ ಕೂತಿರುತ್ತೆ. ಮ್ಯಾಚು ಮುಗಿದ ಅರ್ಧ ಗಂಟೆಯೊಳಗೆ ಎರಡು ಬಾಳೆಹಣ್ಣು, ಆಮೇಲೆ ಒಂದು ತಟ್ಟೆ ಅವಲಕ್ಕಿ ಅಥವಾ ಮೊಸರನ್ನ. ಮ್ಯಾಚಿನ ಮುಂಚೆ, ಆದಮೇಲೆ ತೂಕ ನೋಡಿ. 1 ಕೆಜಿ ಇಳಿದಿದ್ದರೆ ಮುಂದಿನ ಮ್ಯಾಚಿನೊಳಗೆ ಒಂದೂವರೆ ಲೀಟರ್ ಕುಡೀಬೇಕು, ಒಂದೇ ಗುಟುಕಿಗೆ ಅಲ್ಲ. ಬರೀ ನೀರು ಸಾಲದು: ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ 1 ಲೀಟರಿಗೆ ಒಂದು ಓಆರ್‌ಎಸ್ ಪ್ಯಾಕೆಟ್. ಪ್ಯಾಕೆಟ್ ಇಲ್ಲದಿದ್ದರೆ ಲೀಟರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ತಲೆ ಸಮ ಮಾಡಿ. ಮಲಗಲಿ, ಆದರೆ 20 ನಿಮಿಷ. ಎರಡನೇ ಮ್ಯಾಚಿಗೆ 25 ನಿಮಿಷ ಇರುವಾಗ ಎಬ್ಬಿಸಿ ವಾರ್ಮಪ್ ಮತ್ತೆ ಮೊದಲಿಂದ. ಬೆಳಗ್ಗೆ ಮಾಡಿದ್ದು ಲೆಕ್ಕಕ್ಕಿಲ್ಲ. ಬೆಂಚಿನ ಹುಡುಗರಿಗೂ ಇದೇ: ತಣ್ಣಗೆ ಕೂತವನನ್ನ ಏಕಾಏಕಿ ಒಳಗೆ ಬಿಟ್ಟರೆ ಮೀನಖಂಡ ಹಿಡಿಯೋದು ಅವನಿಗೇ. ಮೂರನೇ ಕ್ವಾರ್ಟರಲ್ಲಿ ಒಳಗೆ ಬಿಡೋ ಎರಡು ನಿಮಿಷ ಮುಂಚೆ ಎಬ್ಬಿಸಿ ಬೆಂಚಿನ ಹಿಂದೆ ಓಡಿಸಿ.

ಕೋಲಾರ_ಸೈಡ್‌ಲೈನ್:

ಮೇಷ್ಟ್ರ 28-12 ಲೆಕ್ಕಕ್ಕೆ ಒಂದು ತಿದ್ದುಪಡಿ. ಎನ್‌ಬಿಎಯಲ್ಲಿ ಫೌಲ್ ಮಿತಿ 6, ಇಲ್ಲಿ ಐದನೇದಕ್ಕೇ ಹೊರಗೆ. ಮೊದಲ ಹಾಫಲ್ಲೇ 3 ಫೌಲ್ ಆದವನನ್ನ ಹೇಗಿದ್ದರೂ ಕೂರಿಸ್ತೀರಿ. ವಿಶ್ರಾಂತಿಯ ನಿಮಿಷ ಅಲ್ಲೇ ಮುರಿದುಕೊಳ್ಳಿ, ಮತ್ತೆ ಬೇರೆ ಕೊಡಬೇಡಿ.