ಗರ್ಭಕೋಶ ತೆಗೆಸಿ ಎಂಟು ತಿಂಗಳು, ಸ್ಕ್ಯಾನ್ ನಾರ್ಮಲ್, ಕಿಬ್ಬೊಟ್ಟೆ ನೋವು ಮಾತ್ರ ಹೋಗಿಲ್ಲ

ಮಲೆನಾಡ_ಮಗಳು:
ಅಮ್ಮನಿಗೆ 47 ವರ್ಷ. ಫೈಬ್ರಾಯ್ಡ್ (ಗರ್ಭಕೋಶದ ಗಂಟು) ಅಂತ ಗರ್ಭಕೋಶ ತೆಗೆದಿದ್ದಾರೆ, ಅಂಡಾಶಯ ಎರಡೂ ಇವೆ. ಕಿಬ್ಬೊಟ್ಟೆಯಲ್ಲಿ ಅಡ್ಡ ಹೊಲಿಗೆ. ಅದರ ಬಲತುದಿಯಲ್ಲಿ ಬೆರಳಿಟ್ಟು ತೋರಿಸುವಂಥ ಚುಚ್ಚು, ಅಲ್ಲಿಂದ ತೊಡೆಸಂದಿನವರೆಗೆ ಉರಿ. ಅರ್ಧ ಗಂಟೆ ಕೂತರೆ ಕೆಳಗೆಲ್ಲ ಹಿಡಿದುಕೊಳ್ಳುತ್ತೆ. ಮೂತ್ರ ಪರೀಕ್ಷೆಯೂ ಸರಿ ಇದೆ. ಕೆಗೆಲ್ ವ್ಯಾಯಾಮ (ಮೂತ್ರ ತಡೆಯುವಂತೆ ಕೆಳಭಾಗದ ಸ್ನಾಯು ಬಿಗಿಹಿಡಿದು ಬಿಡೋದು) ಮಾಡಿ ಅಂದರು, ಶುರು ಮಾಡಿದ ಮೇಲೆ ಇನ್ನೂ ಜಾಸ್ತಿ. ಮುಂದೆ ಯಾರಿಗೆ ತೋರಿಸೋದು, ಏನು ಕೇಳೋದು?

ನೋವು_ವಿಭಾಗ:
ಆಪರೇಷನ್ ಆಗಿ ಮೂರು ತಿಂಗಳು ದಾಟಿದರೂ ಉಳಿದ ನೋವಿಗೆ "ಗಾಯ ಇನ್ನೂ ಮಾಯುತ್ತಿದೆ" ಎಂಬ ಉತ್ತರ ಸಾಲದು. ಸ್ಕ್ಯಾನ್ ಸರಿಯಿದೆ ಎಂದರೆ ನೋವಿಲ್ಲ ಎಂದಲ್ಲ. ಹೊಲಿಗೆಯಲ್ಲಿ ಸಿಕ್ಕಿಕೊಂಡ ನರ, ಬಿಗಿದ ಸ್ನಾಯು ಸಾಮಾನ್ಯ ಸ್ಕ್ಯಾನಿಗೆ ಕಾಣುವುದು ಕಡಿಮೆ.

ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ನೋವಿರುವಂತಿದೆ. ಮೊದಲನೆಯದು ಹೊಟ್ಟೆಯ ಗೋಡೆಯದು. ಇಲಿಯೋಇಂಗ್ವೈನಲ್, ಇಲಿಯೋಹೈಪೋಗ್ಯಾಸ್ಟ್ರಿಕ್ ಎಂಬ ನರಗಳು ಅಡ್ಡ ಹೊಲಿಗೆಯ ತುದಿಗಳ ಹತ್ತಿರವೇ ಹಾದುಹೋಗುತ್ತವೆ. ಕೊಯ್ತ ಪಕ್ಕಕ್ಕೆ ಉದ್ದವಾದಷ್ಟೂ ಹೊಲಿಗೆಯಲ್ಲೋ ಗಾಯದ ಗಟ್ಟಿ ಅಂಗಾಂಶದಲ್ಲೋ ಅವು ಸಿಕ್ಕಿಕೊಳ್ಳುವ ಸಂಭವ ಹೆಚ್ಚು.

ವೈದ್ಯರು ಮಾಡುವ ಸರಳ ಪರೀಕ್ಷೆ ಇದೆ, ಕಾರ್ನೆಟ್ ಟೆಸ್ಟ್. ಅಂಗಾತ ಮಲಗಿಸಿ, ನೋಯುವ ಜಾಗವನ್ನು ಒತ್ತಿಹಿಡಿದು, ತಲೆ ಮತ್ತು ಭುಜ ಎತ್ತಲು ಹೇಳುತ್ತಾರೆ. ಆಗ ನೋವು ಹೆಚ್ಚಿದರೆ ಅಥವಾ ಹಾಗೇ ಉಳಿದರೆ ಮೂಲ ಗೋಡೆಯಲ್ಲಿ, ಕಡಿಮೆಯಾದರೆ ಒಳಗೆ. ನಿಲ್ಲಿಸಿ ಕೆಮ್ಮಿಸಿ ಹರ್ನಿಯಾ ಇದೆಯೇ ಎಂದೂ ನೋಡಲಿ. ಗೋಡೆಯದೇ ಆದರೆ ಪೇನ್ ಕ್ಲಿನಿಕ್‌ನಲ್ಲಿ ಅಲ್ಟ್ರಾಸೌಂಡ್ ನೋಡುತ್ತ ಆ ನರದ ಬಳಿ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಕೆಲವೇ ಗಂಟೆ ನೋವು ಹೋಗಿ ಮತ್ತೆ ಬಂದರೂ ಅದು ವ್ಯರ್ಥವಲ್ಲ, ಯಾವ ನರ ಎಂಬುದಕ್ಕೆ ಒಳ್ಳೆಯ ಸುಳಿವು. ಎಷ್ಟು ಹೊತ್ತು ಹಾಯೆನಿಸಿತು ಎಂದು ಬರೆದಿಡಿ.

ಕರಾವಳಿ_ಫಿಸಿಯೋ:
ಎರಡನೆಯ ನೋವು, ಅಂದರೆ ಕೂತರೆ ಕೆಳಗೆಲ್ಲ ಹಿಡಿದುಕೊಳ್ಳುವುದರ ಬಗ್ಗೆ ನಾನು ಹೇಳುತ್ತೇನೆ. ಇದು ಬಿಗಿದ ಸ್ನಾಯುವಿನದಿರಬಹುದು. ಕೆಗೆಲ್ ಈಗಲೇ ನಿಲ್ಲಿಸಿ. ಸಡಿಲವಾದ ಸ್ನಾಯುವಿಗೆ ಕೆಗೆಲ್ ಒಳ್ಳೆಯದು. ಮೊದಲೇ ಬಿಗಿದುಕೊಂಡ ಸ್ನಾಯುವನ್ನು ಇನ್ನೂ ಬಿಗಿಸಿದರೆ ನೋಯದೆ ಏನಾಗುತ್ತೆ? ಒಳಪರೀಕ್ಷೆ ಮಾಡದೆ ಎಲ್ಲರಿಗೂ ಕೆಗೆಲ್ ಬರೆದುಕೊಡುವುದು ತಪ್ಪು. ಪೆಲ್ವಿಕ್ ಫ್ಲೋರ್ (ಕಿಬ್ಬೊಟ್ಟೆಯ ತಳದ ಸ್ನಾಯುಗಳು) ತರಬೇತಿ ಇರುವ ಫಿಸಿಯೋ, ಒಪ್ಪಿಗೆ ಕೇಳಿ, ಒಂದೇ ಬೆರಳಿನಿಂದ ಪ್ರತಿ ಸ್ನಾಯುವನ್ನೂ ಒತ್ತಿ ನೋಡಬೇಕು. ಯೋನಿಯ ಮೇಲ್ತುದಿಯ ಹೊಲಿಗೆ ನೋಯುತ್ತದೆಯೇ ಎಂಬುದೂ ಆಗಲೇ ಗೊತ್ತಾಗುತ್ತೆ.

ಅಲ್ಲಿಯವರೆಗೆ ಮನೆಯಲ್ಲಿ: ಮಂಡಿ ಮಡಚಿ ಅಂಗಾತ ಮಲಗಿ, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು, ಕೆಳಭಾಗ ಸಡಿಲವಾಗಿ ಇಳಿಯಲು ಬಿಡಬೇಕು. ಐದು ನಿಮಿಷ, ದಿನಕ್ಕೆ ಎರಡು ಸಲ. ಉಸಿರು ಬಿಡುವಾಗ ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡರೆ ಮತ್ತೆ ಬಿಗಿಯುತ್ತೆ, ಹೆಚ್ಚಿನವರು ತಪ್ಪುವುದು ಇಲ್ಲೇ. ಕೂರುವಾಗ ಎರಡು ಟವೆಲ್ ಸುರುಳಿ ಮಾಡಿ ಒಂದೊಂದು ತೊಡೆಯ ಕೆಳಗೆ ಇಡಿ, ನಡುವೆ ಜಾಗ ಖಾಲಿ ಇರಲಿ. ಅರ್ಧ ಗಂಟೆಗೆ ನೋವು ಬರುತ್ತೆ ಅಂದರೆ ಇಪ್ಪತ್ತು ನಿಮಿಷಕ್ಕೇ ಏಳಬೇಕು, ನೋವು ಬರಲಿ ಆಮೇಲೆ ನೋಡೋಣ ಅಂತ ಕಾಯಬಾರದು. ಕಮೋಡ್ ಆದರೆ ಕಾಲ ಕೆಳಗೆ ಮಣೆ ಇಟ್ಟುಕೊಳ್ಳಲಿ. ತಿಣುಕುವುದು ಬೇಡ, ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿಮಾಡಿ.

ಹೊಲಿಗೆಯ ಜಾಗ ಮುಟ್ಟಿದರೇ ಉರಿಯುವುದಾದರೆ ಹತ್ತಿಯಿಂದ ಶುರುಮಾಡಿ, ಆಮೇಲೆ ಮೆತ್ತನೆ ಬಟ್ಟೆ, ಆಮೇಲೆ ಟವೆಲ್. ತಡೆಯುವಷ್ಟೇ ಸವರಿ. ನರ ಆ ಸ್ಪರ್ಶಕ್ಕೆ ಒಗ್ಗಿಕೊಳ್ಳಲು ವಾರಗಳೇ ಬೇಕು.

ಮಲೆನಾಡ_ಮಗಳು:
ತುಂಬಾ ಥ್ಯಾಂಕ್ಸ್. ನರದ ನೋವಿಗೆ ಅಂತ ಗ್ಯಾಬಾಪೆಂಟಿನ್ ಮಾತ್ರೆಯನ್ನೂ ಕೊಟ್ಟಿದ್ದಾರೆ. ತಲೆ ಸುತ್ತುತ್ತೆ ಅಂತಾರೆ. ನಿಲ್ಲಿಸಬಹುದಾ?

ನೋವು_ವಿಭಾಗ:
ಒಮ್ಮೆಲೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ ಹಂತಹಂತವಾಗಿ ಇಳಿಸಿ. ಲ್ಯಾಪರೋಸ್ಕೋಪಿಯಲ್ಲಿ (ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡಿದಾಗ) ಕಾರಣ ಕಾಣದ ಕಿಬ್ಬೊಟ್ಟೆ ನೋವಿನ 306 ಮಹಿಳೆಯರ ಮೇಲೆ ಬ್ರಿಟನ್‌ನಲ್ಲಿ ಪರೀಕ್ಷೆ ನಡೆದು, 2020ರಲ್ಲಿ ಫಲಿತಾಂಶ ಬಂತು: ಗ್ಯಾಬಾಪೆಂಟಿನ್, ಔಷಧವೇ ಇಲ್ಲದ ತೋರಿಕೆಯ ಮಾತ್ರೆಗಿಂತ ಹೆಚ್ಚು ಗುಣ ಕೊಡಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಿತ್ತು. ನರ ಸಿಕ್ಕಿಕೊಂಡ ನೋವಿನ ಲೆಕ್ಕ ಬೇರೆ, ಹಾಗಾಗಿ ಇಂಜೆಕ್ಷನ್ ಪರೀಕ್ಷೆ ಮೊದಲಾಗಲಿ. ನರದ ನೋವಿಗೆ ಕೊಡುವ ಇನ್ನೊಂದು ಮಾತ್ರೆ ಅಮಿಟ್ರಿಪ್ಟಿಲಿನ್ ಕೊಡುವುದಾದರೆ ಸಾಮಾನ್ಯವಾಗಿ ರಾತ್ರಿ 10 ಮಿ.ಗ್ರಾಂನಿಂದ ಶುರು, ಅದಕ್ಕೆ ಬಾಯಿ ಒಣಗುತ್ತೆ, ಮಲಬದ್ಧತೆಯೂ ಬರಬಹುದು. ಹೃದಯದ ತೊಂದರೆ, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದರೆ ಮೊದಲೇ ತಿಳಿಸಿ.

ದಾಖಲೆ_ಸಹಾಯ:
ಹೋಗುವ ಮುಂಚೆ ಆಪರೇಷನ್ ನೋಟ್ಸ್ ಮತ್ತು ಬಯಾಪ್ಸಿ ವರದಿ ತರಿಸಿಕೊಳ್ಳಿ, ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಕೊಯ್ತ ಹೇಗಿತ್ತು, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಇತ್ತೇ ಎಂಬುದು ಅವುಗಳಲ್ಲೇ ಸಿಗುವುದು. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ಬರವಣಿಗೆಯಲ್ಲಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅರ್ಜಿಯ ನಕಲಿಗೆ ಸೀಲ್ ಹಾಕಿಸಿಕೊಳ್ಳಿ.

ಅಂಡಾಶಯ ಉಳಿದಿರುವುದರಿಂದ, ಮುಟ್ಟು ಇಲ್ಲದಿದ್ದರೂ ತಿಂಗಳಿಗೊಮ್ಮೆ ನೋವು ಏರುತ್ತದೆಯೇ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಏರಿದರೆ ಅಂಡಾಶಯವನ್ನೂ ಎಂಡೊಮೆಟ್ರಿಯೋಸಿಸ್ ಅನ್ನೂ ನೋಡಬೇಕಾಗುತ್ತೆ. ಜ್ವರ, ಕೆಟ್ಟ ವಾಸನೆಯ ಸ್ರಾವ, ರಕ್ತ, ಮೂತ್ರ ಕಟ್ಟುವುದು, ಹೊಟ್ಟೆ ಉಬ್ಬಿ ವಾಂತಿ, ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಕರೆದುಕೊಂಡು ಹೋಗಿ.